ದೊಡ್ಡಮೂಗಿನ ಡೀಸೆಲ್ ಮುಳ್ಳು

ಇಷ್ಟೆಲ್ಲಾ ರಂಪಕ್ಕೆ ಕಾರಣವಾದದ್ದು ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಮುಳ್ಳು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರನ ಲಾರಿಯಲ್ಲಿ, ಸ್ಟೇರಿಂಗಿನ ಹಿಂದೆ, ಹಳದಿಗಟ್ಟಿದ ಗಾಜಿನೊಳಗೆ ಅದರ ವಾಸ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಅಂತ ತೋರಿಸುವುದೊಂದೇ ಅದಕ್ಕೆ ವಹಿಸಿದ ಕೆಲಸ. ಅದು ಎಷ್ಟೋ ವರ್ಷಗಳಿಂದ ಖಾಲಿ ಗೆರೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಟ್ಯಾಂಕ್ ತುಂಬಿಸಿದರೂ ಖಾಲಿ, ಬರಿದಾದರೂ ಖಾಲಿ.

ಮುಳ್ಳು ಹಾಗಿದ್ದರೇನು, ಲಾರಿ ಮಾತ್ರ ಸಾಮಾನ್ಯದ್ದಲ್ಲ. ಅದು ಇಂದುಧರನಿಗಿಂತ ಎರಡು ವರ್ಷ ದೊಡ್ಡದು, ಅವನ ತಂದೆ ಕೊಂಡದ್ದು. ಈಗಿನ ಲಾರಿಗಳ ಮುಖವೆಲ್ಲ ಗೋಡೆಯ ಹಾಗೆ ಚಪ್ಪಟೆ. ಇದಕ್ಕೆ ಮುಂದಕ್ಕೆ ಚಾಚಿದ ದುಂಡನೆಯ ಬಾನೆಟ್ಟು, ಅದರ ಎರಡೂ ಪಕ್ಕ ಬೋಗುಣಿಯಂಥ ದೀಪ. ಅದಕ್ಕೇ ಊರವರು ದೊಡ್ಡಮೂಗು ಅಂತ ಹೆಸರಿಟ್ಟಿದ್ದರು. ಹೊನ್ನೆ ಹಲಗೆಯ ಬಾಡಿಯಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ಹೊಸ ಲಾರಿಗಳು ಏದುಸಿರು ಬಿಡುವ ಏರಿನಲ್ಲಿ ಇದು ಹೊರೆ ಹೊತ್ತುಕೊಂಡೇ, ಗೊಣಗುತ್ತಾ ಗೊಣಗುತ್ತಾ, ಹತ್ತಿ ಆಚೆ ಇಳಿದುಬಿಡುತ್ತಿತ್ತು. ಅರವತ್ತು ವರ್ಷದಲ್ಲಿ ಇಂಜಿನ್ ಬಿಚ್ಚಿದ್ದು ಒಂದೇ ಒಂದು ಸಲ. ಇಂಥ ಗಟ್ಟಿ ಜೀವ ಮನುಷ್ಯರಲ್ಲೂ ಅಪರೂಪ ಅಂತ ಇಂದುಧರ ಹೇಳುತ್ತಿದ್ದ, ಹೇಳುವಾಗ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಿದ್ದ.

"ಹೆತ್ತವರಿಗೆ ಹೆಗ್ಗಣ ಮುದ್ದು," ಅನ್ನುತ್ತಿದ್ದಳು ಅವನ ಹೆಂಡತಿ ಶಿವಗಂಗಮ್ಮ.

ಅವಳಿಗೂ ಕಾರಣವಿತ್ತು. ಟ್ಯಾಂಕಿನ ಬಾಯಿ ಬಾಗಿದ ಕೊಳವೆಯಾದ್ದರಿಂದ ಕಡ್ಡಿ ಇಳಿಸಿ ನೋಡುವ ಹಾಗಿರಲಿಲ್ಲ, ಡೀಸೆಲ್ಲಿನ ಲೆಕ್ಕವೆಲ್ಲ ಇಂದುಧರನ ಅಂದಾಜಿನಲ್ಲೇ ನಡೆಯುತ್ತಿತ್ತು. ಹೋದ ತಿಂಗಳು ಆ ಅಂದಾಜು ಬಾಣಾವರದ ಹತ್ತಿರ ಕೈಕೊಟ್ಟಿತು. ನೆಂಟರ ಮನೆಯ ಸೀಮಂತಕ್ಕೆ ಹೊರಟಿದ್ದ ಶಿವಗಂಗಮ್ಮ ರೇಷ್ಮೆ ಸೀರೆ ಎತ್ತಿಕಟ್ಟಿ, ಹಾದಿಯಲ್ಲಿ ಹೋಗುವವರ ಜೊತೆ ಸೇರಿ ಲಾರಿ ತಳ್ಳಿದಳು. ಸೀಮಂತಕ್ಕೆ ಹೋದಾಗ ಅವಳ ಕೈಯಲ್ಲಿ ಗ್ರೀಸು, ಮುಖದಲ್ಲಿ ಕೆಂಡ.

ಅವತ್ತೇ ಪಂದ್ಯ ಏರ್ಪಟ್ಟಿತು. ಹಳೇಬೀಡಿನಲ್ಲಿ ಅವಳ ತಮ್ಮ ಚನ್ನೇಶನ ಮಗಳ ಮದುವೆ. ಚಪ್ಪರದ ದಿನ ಅರಸೀಕೆರೆಯ ಮಠದಿಂದ ಅಡುಗೆಯ ದೊಡ್ಡ ಪಾತ್ರೆಗಳನ್ನು ದೊಡ್ಡಮೂಗಿನಲ್ಲೇ ಸಾಗಿಸಬೇಕು. ಮಠದ ಕೊಪ್ಪರಿಗೆಯಲ್ಲಿ ಬೆಂದ ಪಾಯಸವೇ ಆಗಬೇಕು ಅನ್ನುವುದು ಆ ಮನೆತನದ ಪದ್ಧತಿ. ಅವು ಎಂಥ ಕೊಪ್ಪರಿಗೆಗಳೆಂದರೆ, ಒಂದೊಂದರಲ್ಲೂ ಇಬ್ಬರು ಕಾಲು ಚಾಚಿ ಮಲಗಬಹುದು.

"ಹಳೇಬೀಡಿಗೆ ಹೋಗಿ, ತಿರುಗಿ ನಮ್ಮ ಮನೆ ಬಾಗ್ಲಿಗೆ ಬರೋವರ್ಗೂ ಡೀಸೆಲ್ ಇಲ್ದೆ ಎಲ್ಲೂ ನಿಲ್ಲಬಾರ್ದು," ಎಂದಳು ಶಿವಗಂಗಮ್ಮ. "ನಿಲ್ಲದೆ ಬಂದ್ರೆ ನಾನು ಜನ್ಮದಲ್ಲಿ ಈ ಲಾರಿ ಬಗ್ಗೆ ಬಾಯಿ ಬಿಡಲ್ಲ. ನಿಂತ್ರೆ ಮಾರನೇ ದಿನಾನೇ ಶಿವಕುಮಾರ್‌ಗೆ ಕೊಟ್ಬಿಡಬೇಕು."

ಶಿವಕುಮಾರ್ ಅಂದರೆ ಅವಳ ಅಕ್ಕನ ಮಗ. ಬೇಲೂರು ರಸ್ತೆಯಲ್ಲಿ ಹೋಟೆಲು ಇಟ್ಟಿದ್ದ. ಹೋಟೆಲ್ ಮುಂದೆ ದೊಡ್ಡಮೂಗನ್ನು ನಿಲ್ಲಿಸಿ, ಅದರ ಬೆನ್ನ ಮೇಲೆ ಮಣ್ಣು ತುಂಬಿ, ಚೆಂಡು ಹೂವಿನ ಗಿಡ ಹಾಕುವುದು ಅವನ ಆಸೆ. ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಇಂದುಧರನಿಗೆ ಕನಸಿನಲ್ಲೂ ಆ ಚೆಂಡು ಹೂವು ಕಾಣಿಸಿ ಬೆಚ್ಚಿಬೀಳುವಂತಾಗಿತ್ತು. ಆದರೂ ಹೆಂಡತಿಯ ಎದುರು ಮೀಸೆ ತಿರುವಿ ಒಪ್ಪಿಕೊಂಡ.

ಪಂದ್ಯಕ್ಕೆ ಅಂಪೈರು ಮಗಳು ಸ್ವಾತಿ. ಮಂಡಿಗೆ ಕಾಯಿ ತರುವ ಟ್ರ್ಯಾಕ್ಟರ್ ಓಡಿಸುವವಳು ಅವಳೇ. ಹೋದ ವರ್ಷ ಹಟ ಹಿಡಿದು ಲಾರಿ ಲೈಸೆನ್ಸೂ ಮಾಡಿಸಿಕೊಂಡಿದ್ದಳು. ಆದರೆ ದೊಡ್ಡಮೂಗಿನ ಸ್ಟೇರಿಂಗ್ ಮುಟ್ಟಲು ಅಪ್ಪ ಬಿಟ್ಟಿರಲಿಲ್ಲ.

ಚಪ್ಪರದ ದಿನ ಬೆಳಗ್ಗೆ ಏಳಕ್ಕೆಲ್ಲ ಇಂದುಧರ ಮುಳ್ಳಿನ ಮುಂದೆ ಕೂತಿದ್ದ. ಇವತ್ತೊಂದು ದಿನ ಇದು ನಿಜ ಹೇಳಿದರೆ ಸಾಕು, ಲಾರಿ ಉಳಿಯುತ್ತೆ. ಅಷ್ಟರಲ್ಲಿ ಪಕ್ಕದ ಅಂಗಡಿಯ ಚಿಕ್ಕಣ್ಣ ಹಲ್ಲುಜ್ಜುತ್ತಲೇ ಬಂದ. ಯಾರ ಮನೆಯ ರೇಡಿಯೊ ಕೆಟ್ಟರೂ, ಮಿಕ್ಸಿ ಕೆಟ್ಟರೂ ಮೊದಲು ಹಾಜರಾಗುವವನು ಅವನೇ. ಅವನ ಹತ್ತಿರ ಇದ್ದದ್ದು ಒಂದೇ ಮದ್ದು.

"ಏನ್ಲಾ ಇಂದುಧರ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಂತೀಯ? ಒಂದು ಬಿಟ್ರೆ ಸರಿಯಾಯ್ತೈತೆ," ಎಂದವನೇ ಕ್ಯಾಬಿನ್ನಿಗೆ ಹತ್ತಿ, ಡ್ಯಾಶ್‌ಬೋರ್ಡಿಗೆ ಮುಷ್ಟಿಯಿಂದ ಗುದ್ದಿದ.

ಮುಳ್ಳು ಅಲ್ಲಾಡಲಿಲ್ಲ. ಹಾರನ್ ಹೊಡೆದುಕೊಳ್ಳತೊಡಗಿತು. ದೊಡ್ಡಮೂಗಿನ ಹಾರನ್ ಅಂದರೆ ಎಮ್ಮೆಗಳ ಹಿಂಡೇ ಒಟ್ಟಿಗೆ ಕೂಗಿದ ಹಾಗೆ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಚಿಕ್ಕಣ್ಣ ಅದನ್ನು ನಿಲ್ಲಿಸಲೆಂದು ಇನ್ನೊಂದು ಗುದ್ದಿದ. ವೈಪರ್ ಓಡಾಡತೊಡಗಿತು.

"ಕೈ ತೆಗೆಯೋ ಮಾರಾಯ!" ಎಂದು ಕೂಗಿ ಇಂದುಧರ ಬಾನೆಟ್ಟೆತ್ತಿ ಹಾರನ್ನಿನದೂ ವೈಪರಿನದೂ ತಂತಿ ಕಿತ್ತ. ಬೀದಿ ತಣ್ಣಗಾಯಿತು.

ಎದುರು ಮನೆಯ ದೇವೀರಮ್ಮ ಅಷ್ಟರಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ಬಂದಿದ್ದರು. "ದೃಷ್ಟಿ ಕಣಪ್ಪ ಇದು. ಅಷ್ಟು ಚಂದದ ಗಾಡಿ, ಯಾರ ಕಣ್ಣು ಬಿದ್ದೈತೋ. ಗಾಲಿಗೊಂದು ಇಟ್ಟು ಹತ್ತಿಸು." ಇಂದುಧರ ಇಲ್ಲವೆನ್ನಲಾರದೆ ಅದನ್ನೂ ಮಾಡಿದ. ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಮುಳ್ಳು ಮಲಗಿದ ಕಡೆಯೇ ಮಲಗಿತ್ತು.

"ಗಂಟೆ ಎಂಟಾಯ್ತು," ಎಂದಳು ಶಿವಗಂಗಮ್ಮ ಬಾಗಿಲಲ್ಲಿ ನಿಂತು. ಅವಳ ದನಿಯಲ್ಲಿ ಆತುರವೇನೂ ಇರಲಿಲ್ಲ. ಅದೇ ಇಂದುಧರನನ್ನು ಹೆಚ್ಚು ಹೆದರಿಸಿತು.

ಕೊನೆಗೆ ಅವನು ಸ್ವಾತಿಯನ್ನೂ ಕೂರಿಸಿಕೊಂಡು ಲಾರಿಯನ್ನು ಮೆಕ್ಯಾನಿಕ್ ಕುಮಾರಸ್ವಾಮಿಯ ಶೆಡ್ಡಿಗೆ ಓಡಿಸಿದ. ಇದನ್ನು ಮೊದಲೇ ಮಾಡಬೇಕಿತ್ತು. ಕುಮಾರಸ್ವಾಮಿಗೆ ಎಪ್ಪತ್ತರ ಮೇಲಾಗಿತ್ತು. ಮಾತು ಕಮ್ಮಿ. ಆದರೆ ಅವರ ಕೈಗೆ ಬಂದ ಗಾಡಿ ನಡೆಯದೆ ಹೊರಗೆ ಹೋದದ್ದೇ ಇಲ್ಲ ಅಂತ ಅರಸೀಕೆರೆಯೆಲ್ಲ ಹೇಳುತ್ತಿತ್ತು. ಇಂದುಧರನಿಗೆ ಅವರ ಮುಂದೆ ಈ ಮುಳ್ಳಿನ ವಿಷಯ ಎತ್ತಲು ನಾಚಿಕೆ. ಇಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ದೊಡ್ಡ ಮನುಷ್ಯರನ್ನು ಕರೆಯುವುದೇ ಅಂತ ವರ್ಷಗಟ್ಟಲೆ ಸುಮ್ಮನಿದ್ದ.

ಕುಮಾರಸ್ವಾಮಿ ಮೊದಲು ಚಿಕ್ಕಣ್ಣನ ಗುದ್ದಿಗೆ ಕಳಚಿದ್ದ, ಇಂದುಧರ ಕಿತ್ತಿದ್ದ ತಂತಿಗಳನ್ನೆಲ್ಲ ಸೇರಿಸಿದರು. ಆಮೇಲೆ ಲಾರಿಯ ಕೆಳಗೆ ತೂರಿ, ಟ್ಯಾಂಕಿನ ಮೇಲಿಂದ ಮುಳ್ಳಿಗೆ ಹೋಗುವ ಒಂದೇ ಒಂದು ತಂತಿಯನ್ನು ಬಿಚ್ಚಿದರು.

"ಕೀಲಿ ತಿರುಗಿಸಮ್ಮ. ಮುಳ್ಳು ನೋಡ್ತಿರು," ಎಂದು ಸ್ವಾತಿಗೆ ಹೇಳಿ ತಂತಿಯ ತುದಿಯನ್ನು ಚಾಸಿಯ ಕಬ್ಬಿಣಕ್ಕೆ ಮುಟ್ಟಿಸಿದರು.

"ಅಜ್ಜಾ! ಮೇಲಕ್ಕೆ ಹೋಯ್ತು! ಫುಲ್ ತೋರಿಸ್ತಾ ಇದೆ!" ಸ್ವಾತಿ ಸೀಟಿನಲ್ಲೇ ಕುಣಿದಳು.

"ಮುಳ್ಳಿನ ತಪ್ಪಿಲ್ಲ. ತಂತಿ ತಪ್ಪೂ ಇಲ್ಲ," ಎಂದರು ಕುಮಾರಸ್ವಾಮಿ ಕೆಳಗಿನಿಂದ. "ತಪ್ಪು ಟ್ಯಾಂಕ್ ಒಳಗೈತೆ."

ಇಷ್ಟು ವರ್ಷ ಬೈಸಿಕೊಂಡ ಮುಳ್ಳು ನಿರಪರಾಧಿ ಅಂತ ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಟ್ಯಾಂಕಿನ ಮೇಲಿನ ಐದು ಸ್ಕ್ರೂ ಬಿಚ್ಚಿ ಅವರು ಒಳಗಿನಿಂದ ಒಂದು ಸಲಾಕೆ ಎಳೆದರು. ಅದರ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಡಬ್ಬಿ. ಅದು ಡೀಸೆಲ್ಲಿನ ಮೇಲೆ ತೇಲಬೇಕು; ಅದು ಏರಿದರೆ ಮುಳ್ಳು ಏರುತ್ತೆ, ಇಳಿದರೆ ಇಳಿಯುತ್ತೆ. ಕುಮಾರಸ್ವಾಮಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳುಗುಳು ಸದ್ದಾಯಿತು.

"ಕುಡ್ಕಂಡವ್ನೆ," ಎಂದರು. "ಹೊಟ್ಟೆ ತುಂಬ ಡೀಸೆಲ್. ಇನ್ನೆಲ್ಲಿ ತೇಲ್ತಾನೆ?"

ಬಿಸಿನೀರಿನಲ್ಲಿ ಅದ್ದಿದಾಗ ಡಬ್ಬಿಯ ಒಂದು ಮೂಲೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಆ ತೂತನ್ನು ಸೂಜಿಯಿಂದ ಅಗಲ ಮಾಡಿ, ಒಳಗಿನದನ್ನೆಲ್ಲ ಹನಿಹನಿಯಾಗಿ ಬಸಿದು, ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಕಾದ ಬೆಸುಗೆ ಕೋಲಿನಿಂದ ಅಕ್ಕಿಕಾಳಿನಷ್ಟು ತವರ ಇಟ್ಟು ಮುಚ್ಚಿದರು. ಎಪ್ಪತ್ತು ದಾಟಿದ ಆ ಕೈ ಒಂದಿಷ್ಟೂ ನಡುಗಲಿಲ್ಲ. ಇಂದುಧರ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಗಂಟೆಯ ನೆನಪೇ ಅವನಿಗಿರಲಿಲ್ಲ. ಇಂಥ ಕೆಲಸ ನೋಡುವುದೇ ಒಂದು ಪುಣ್ಯ ಅನ್ನಿಸಿತು.

ಅಲ್ಲಿಂದ ನೇರ ಬಂಕಿಗೆ ಹೋಗಿ ಟ್ಯಾಂಕಿನ ಕುತ್ತಿಗೆಯವರೆಗೆ ಡೀಸೆಲ್ ಹೊಯ್ಯಿಸಿದ. ಕೀಲಿ ತಿರುಗಿಸಿದ. ಮುಳ್ಳು ನಿದ್ದೆಯಿಂದ ಎದ್ದಂತೆ ಒಮ್ಮೆ ಅದುರಿ, ಕಾಲು ದಾಟಿ, ಅರ್ಧ ದಾಟಿ, ಮುಕ್ಕಾಲು ದಾಟಿ, ತುಂಬಿದ ಗೆರೆಗೆ ಹೋಗಿ ನಿಂತಿತು. ಇಂದುಧರ ಬಂಕಿನ ಹುಡುಗಿಯ ಎದುರೇ ಕಣ್ಣೊರೆಸಿಕೊಂಡ.

ಮಠದಲ್ಲಿ ಕೊಪ್ಪರಿಗೆ, ತಪ್ಪಲೆ, ಜರಡಿ, ಸೌಟು ಎಲ್ಲ ಹೇರಿ ಹೊರಟಾಗ ಹತ್ತು ಗಂಟೆ. ಮಧ್ಯದಲ್ಲಿ ಶಿವಗಂಗಮ್ಮ, ಆ ಕಡೆ ಕಿಟಕಿಗೆ ಸ್ವಾತಿ. ಜಾವಗಲ್ ದಾಟಿ ಹಳೇಬೀಡು ಮುಟ್ಟುವವರೆಗೂ ದೊಡ್ಡಮೂಗು ಒಂದು ಸಲ ಕೆಮ್ಮಲಿಲ್ಲ. ಇಂದುಧರ ರಸ್ತೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಹೆಚ್ಚು.

"ಮುಂದೆ ನೋಡಿ ಓಡಿಸ್ರೀ. ಎಮ್ಮೆ ಬತ್ತಾ ಐತೆ," ಎಂದಳು ಹೆಂಡತಿ.

"ಎಮ್ಮೆ ದಿನಾ ಬತ್ತೈತೆ. ಈ ಮುಳ್ಳು ಎದ್ದಿರೋದು ಇವತ್ತೇ."

ಮದುವೆ ಮನೆಯಲ್ಲಿ ಲಾರಿಗೆ ಸಿಕ್ಕ ಮರ್ಯಾದೆ ಬೀಗರಿಗೂ ಸಿಗಲಿಲ್ಲ. ಕೆರೆಯ ಕಡೆಯ ಬೀದಿಯಲ್ಲಿ ಅದು ತಿರುಗುತ್ತಿದ್ದಂತೆ ಜನ ಚಪ್ಪರದ ಕೆಲಸ ಬಿಟ್ಟು ಓಡಿಬಂದರು. ಕೊಪ್ಪರಿಗೆಗಳು ಇಳಿದ ಮೇಲೆ ಇಂದುಧರ ಮುಳ್ಳಿನ ಪ್ರದರ್ಶನ ಶುರುಮಾಡಿದ. ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಹತ್ತಿಸಿ, ಕೀಲಿ ತಿರುಗಿಸಿ, "ನೋಡಿ, ತುಂಬೈತೆ! ಕುತ್ತಿಗೆ ಮಟ್ಟ ತುಂಬೈತೆ! ಒಂದು ಹನಿ ಹೆಚ್ಚುಕಮ್ಮಿ ಇಲ್ದಂಗೆ ತೋರಿಸ್ತೈತೆ!" ಎಂದು ಸಾರಿದ. ಚಪ್ಪರ ಹಾಕುವವರು ನೋಡಿದರು, ಅಡುಗೆಯವರು ಸೌಟು ಹಿಡಿದೇ ಬಂದು ನೋಡಿದರು, ನೀರಿನ ಟ್ರ್ಯಾಕ್ಟರಿನವನೂ ನೋಡಿದ.

ಮಾದಿಹಳ್ಳಿಯಿಂದ ಬಂದಿದ್ದ ಮುದುಕ ಕೆಂಚಪ್ಪ ಹಿಂದೆ ಬಸ್ಸಿನ ಡ್ರೈವರಾಗಿದ್ದವನು. ಅವನು ಮೇಲೆ ಹತ್ತಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತ. "ಇಂಥದ್ನ ಈಗ ಯಾರೂ ಮಾಡಲ್ಲ ಕಣಪ್ಪ," ಎಂದ ಇಳಿಯುವಾಗ. "ಚೆನ್ನಾಗಿ ಇಟ್ಕಂಡಿದ್ದೀಯ. ನಿಮ್ಮಪ್ಪ ಇದ್ದಿದ್ರೆ ಬೆನ್ನು ತಟ್ಟೋನು."

ಇಂದುಧರನಿಗೆ ಇನ್ನೇನು ಬೇಕು? ಒಬ್ಬಟ್ಟಿನ ಊಟ ಹೊಟ್ಟೆ ತುಂಬ ಮಾಡಿ, ಮೂರು ಒಬ್ಬಟ್ಟು ಹೆಚ್ಚಿಗೆಯೇ ಹಾಕಿಸಿಕೊಂಡು, ಚಪ್ಪರದ ಮೂಲೆಯಲ್ಲಿ ಜಮಖಾನದ ಮೇಲೆ ಉರುಳಿದ. ಕರೆಂಟು ಹೋಗಿ ಫ್ಯಾನು ನಿಂತದ್ದೂ, ಜನರೇಟರ್ ಗುಡುಗಿದ್ದೂ ಅವನಿಗೆ ತಿಳಿಯಲಿಲ್ಲ. ಎದ್ದಾಗ ನಾಲ್ಕೂವರೆ. ಮದುವೆಗೆ ನಾಳೆ ಬೆಳಗ್ಗೆ ಬಸ್ಸಿನಲ್ಲಿ ಬರುವುದು ಅಂತ ಮಾತಾಗಿತ್ತು. ಕತ್ತಲಾಗುವ ಮೊದಲು ಮನೆ ಮುಟ್ಟಿದರೆ ಪಂದ್ಯ ಮುಗಿಯಿತು, ಲಾರಿ ಉಳಿಯಿತು.

ಅವನು ಖುಷಿಯಿಂದ ಸೀಟಿಗೆ ಹತ್ತಿ, ಲಾರಿಯಲ್ಲೇ ಬಿಟ್ಟಿದ್ದ ಕೀಲಿ ತಿರುಗಿಸಿದ. ಮುಳ್ಳು ಅದುರಿತು. ಒಂದು ಎಳೆ ಮೇಲೆದ್ದಿತು. ಅಲ್ಲಿಗೇ ನಿಂತಿತು.

"ಅಪ್ಪಾ, ಮುಳ್ಳು ಕೆಳಗಡೆ ಇದೆ," ಎಂದಳು ಸ್ವಾತಿ.

ಇಂದುಧರ ಕೀಲಿ ತೆಗೆದು ಮತ್ತೆ ತಿರುಗಿಸಿದ. ಗಾಜು ಒರೆಸಿದ. ಕೆಳಗಿಳಿದು, ಹೊಸ ಪಂಚೆಯಲ್ಲೇ ಲಾರಿಯಡಿಗೆ ತೂರಿ ತಂತಿ ಎಳೆದು ನೋಡಿದ. ತಂತಿ ಗಟ್ಟಿಯಾಗಿಯೇ ಇತ್ತು. ಹೊರಗೆ ಬಂದಾಗ ಪಂಚೆಯ ತುಂಬ ಗ್ರೀಸು, ತಲೆಯ ತುಂಬ ಚೆಂಡು ಹೂವು. ಉರಿದುಹೋಗಿ ಕುಮಾರಸ್ವಾಮಿಗೆ ಫೋನು ಹಚ್ಚಿದ.

"ಏನ್ರೀ ಕುಮಾರಸ್ವಾಮಿ, ಯಾವ ಸೀಮೆ ಬೆಸುಗೆ ಹಾಕಿದ್ರಿ? ಅರ್ಧ ದಿನಕ್ಕೇ ಡಬ್ಬಿ ಮುಳುಗೋಯ್ತಲ್ಲ!"

"ನನ್ನ ಬೆಸುಗೆನಾ?" ಎಂದರು ಕುಮಾರಸ್ವಾಮಿ ಮೆಲ್ಲಗೆ. "ಗಾಡಿ ತಗೊಂಡು ಬತ್ತಾ ಇರು. ನಾನೂ ಎದುರಿಗೆ ಬತ್ತೀನಿ. ನೋಡೇಬಿಡಾನ." ಫೋನು ಇಟ್ಟರು.

ಲಾರಿ ಹೊರಟಿತು. ಹಳೇಬೀಡಿನ ಬಸ್‌ಸ್ಟ್ಯಾಂಡ್ ದಾಟುವುದರೊಳಗೆ ಶಿವಗಂಗಮ್ಮ ಗಂಡನ ಕಡೆ ತಿರುಗಿದಳು. "ರೀ, ಚನ್ನೇಶ ನಿಮಗೇನಾದ್ರೂ ಹೇಳಿದ್ನಾ?"

"ಅವನೇನು ಹೇಳ್ತಾನೆ? ಸೈಕಲ್ ಪಂಚರ್ ಆದ್ರೆ ಪೋಸ್ಟ್‌ಮ್ಯಾನ್ ಕರೆಯೋನು. ಲಾರಿ ಬಗ್ಗೆ ಅವನಿಗೇನು ಗೊತ್ತು?"

"ಅದಲ್ಲ, ನಾನು ಹೇಳೋದು ಒಂಚೂರು..."

"ಲಾರಿ ವಿಷಯ ಬಿಟ್ಟು ಬೇರೆ ಏನಾದ್ರೂ ಹೇಳು. ಬೆಳಗ್ಗೆ ನನ್ನ ಕೈಯಾರೆ ತುಂಬಿಸಿರೋ ಟ್ಯಾಂಕು. ನಲವತ್ತು ಕಿಲೋಮೀಟರ್‌ಗೆ ಅದೆಂಗೆ ಖಾಲಿಯಾಯ್ತದೆ? ಮುಳ್ಳು ಸುಳ್ಳು ಹೇಳ್ತೈತೆ."

ಶಿವಗಂಗಮ್ಮ ಬಾಯಿ ಮುಚ್ಚಿಕೊಂಡಳು. ಜಾವಗಲ್ಲಿನಲ್ಲಿ ಡೀಸೆಲ್ ಬಂಕು ಕಂಡಾಗ ಇನ್ನೊಮ್ಮೆ ತೆರೆದಳು. "ಬಂಕ್ ಬಂತು. ಹಾಕಿಸ್ಕಳಿ. ಮುಳ್ಳು ಪೂರಾ ಮಲಗೈತೆ."

"ತುಂಬಿದ ಟ್ಯಾಂಕಿಗೆ ಇನ್ನೆಲ್ಲಿ ಹಾಕಿಸ್ಲಿ? ನಿನ್ನ ಬ್ಯಾಗಿಗಾ?"

"ಅಪ್ಪಾ, ಸುಮ್ನೆ ಒಂದೈದು ಲೀಟರ್..." ಎಂದಳು ಸ್ವಾತಿ.

"ಅಂಪೈರು ಆಟಕ್ಕಿಳಿಯಂಗಿಲ್ಲ!" ಎಂದು ಗದರಿ ಇಂದುಧರ ಗೇರು ಬದಲಿಸಿದ. ಬಂಕು ಹಿಂದೆ ಸರಿಯಿತು. ಶಿವಗಂಗಮ್ಮ, "ಬಿಸಿಲು ಇಳೀತು ಅಲ್ವೇನೇ?" ಎಂದು ಮಗಳ ಜೊತೆ ಹವಾಮಾನದ ಮಾತು ತೆಗೆದಳು. ಮಡಿಲಿನಿಂದ ಹುರಿಗಡಲೆ ಪೊಟ್ಟಣ ತೆಗೆದು ಇಬ್ಬರೂ ತಿನ್ನತೊಡಗಿದರು.

ಜಾವಗಲ್ಲಿನಿಂದ ನಾಲ್ಕು ಮೈಲಿ ಬಂದಿರಬಹುದು. ತೆಂಗಿನ ತೋಟಗಳ ನಡುವಿನ ನೇರ ರಸ್ತೆ. ದೊಡ್ಡಮೂಗು ಒಮ್ಮೆ ಬಿಕ್ಕಿತು. ಇಂದುಧರ ಆಕ್ಸಿಲರೇಟರ್ ಒತ್ತಿದ. ಇನ್ನೆರಡು ಸಲ ಬಿಕ್ಕಿ, ನಿಟ್ಟುಸಿರಿನಂಥ ಒಂದು ಸದ್ದು ಮಾಡಿ, ತಾನೇ ರಸ್ತೆಯಂಚಿಗೆ ಉರುಳಿ ನಿಂತುಕೊಂಡಿತು. ಎಂಥ ಸಂಕಟದಲ್ಲೂ ಅದು ಬೇರೆ ಗಾಡಿಗಳಿಗೆ ದಾರಿ ಬಿಟ್ಟೇ ನಿಂತಿತ್ತು.

ಹುರಿಗಡಲೆ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಫಿಲ್ಟರ್ ಕಟ್ಟಿರಬೇಕು," ಎಂದ ಇಂದುಧರ. ದಾರಿಯಲ್ಲಿ ನಿಂತ ಬೈಕಿನವನೊಬ್ಬ ಪಂಪು ಕೆಟ್ಟಿರಬೇಕೆಂದ. ಅವನ ಹಿಂದೆ ಕೂತಿದ್ದವನು, ಇಷ್ಟು ಹಳೇ ಗಾಡಿಗೆ ಅದೃಷ್ಟವೇ ಕೆಟ್ಟಿರುತ್ತದೆ ಎಂದು ಹೇಳಿ ಹೋದ. ಇಂದುಧರ ಫಿಲ್ಟರು ಬಿಚ್ಚುವ ಹೊತ್ತಿಗೆ ಅರಸೀಕೆರೆ ಕಡೆಯಿಂದ ಒಂದು ಹಳೇ ಸ್ಕೂಟರ್ ಬಂದು ನಿಂತಿತು. ಕುಮಾರಸ್ವಾಮಿ ಯಾರ ಮುಖವನ್ನೂ ನೋಡದೆ ಸೀದಾ ಟ್ಯಾಂಕಿನ ಹತ್ತಿರ ಹೋದರು.

ಐದು ಸ್ಕ್ರೂ ಬಿಚ್ಚಿ ಸಲಾಕೆಯನ್ನು ಹೊರಗೆಳೆದರು. ಡಬ್ಬಿಯನ್ನು ಇಂದುಧರನ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಸಲಾಕೆಯನ್ನು ಟ್ಯಾಂಕಿಗೆ ತಾಗಿಸಿಕೊಂಡು ಡಬ್ಬಿಯನ್ನು ಬೆರಳಿನಿಂದ ಮೇಲಕ್ಕೆತ್ತಿದರು.

"ಫುಲ್," ಎಂದಳು ಕ್ಯಾಬಿನ್ನಿನಿಂದ ಸ್ವಾತಿ.

ಕೆಳಗೆ ಬಿಟ್ಟರು.

"ಖಾಲಿ."

"ನನ್ನ ಬೆಸುಗೆ ಹಂಗೇ ಐತೆ," ಎಂದರು ಕುಮಾರಸ್ವಾಮಿ. ಆಮೇಲೆ ಟಾರ್ಚ್ ಹಾಕಿ ಟ್ಯಾಂಕಿನೊಳಗೆ ಇಣುಕಿ, "ಇಲ್ಲಿ ಬಾ. ನೋಡು," ಎಂದರು. ಇಂದುಧರ ನೋಡಿದ. ಟ್ಯಾಂಕಿನ ತಳ ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು.

ಅವನು ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಚನ್ನೇಶ.

"ಭಾವ, ಮನೆ ಮುಟ್ಟಿದ್ರಾ? ಹೇಳೋದೇ ಮರೆತುಬಿಟ್ಟೆ ನೋಡಿ. ಕರೆಂಟ್ ಹೋಯ್ತಲ್ಲ, ಜನರೇಟರ್‌ಗೆ ಡೀಸೆಲ್ ಇರಲಿಲ್ಲ. ನೀವು ಮಲಗಿದ್ರಿ, ಎಬ್ಬಿಸೋದು ಬ್ಯಾಡ ಅಂತ ಅಕ್ಕನ್ನ ಕೇಳ್ದೆ. ತಗೋ, ಆದ್ರೆ ಅವರಿಗೆ ಹೇಳು ಅಂದ್ಲು. ಮೂವತ್ತೈದು ಲೀಟರ್‌ದು ಎರಡು ಕ್ಯಾನ್ ತೆಗೆದ್ವಿ. ಅಡುಗೆಯವರ ಒಲೆಗೂ ಡೀಸೆಲ್ ಬೇಕಂತೆ, ಅವರೊಂದು ತಗೊಂಡ್ರು. ನೀರಿನ ಟ್ರ್ಯಾಕ್ಟರ್‌ಗೆ ಒಂದು. ಏನು ಮುಳ್ಳು ಭಾವ ಅದು! ತೆಗೆದಂಗೆಲ್ಲ ಸರಿಯಾಗಿ ಇಳೀತಾ ಬಂತು. ಅದನ್ನ ನೋಡ್ಕೊಂಡೇ, ಜಾವಗಲ್ ಬಂಕಿಗೆ ಸಾಕಾಗೋವಷ್ಟು ಕರೆಕ್ಟಾಗಿ ಉಳಿಸಿದ್ವಿ. ಮೊದ್ಲಾಗಿದ್ರೆ ಒಂದು ಲೋಟನೂ ಮುಟ್ತಿರಲಿಲ್ಲ ನೋಡಿ, ಒಳಗೆ ಎಷ್ಟೈತೋ ಯಾರಿಗೆ ಗೊತ್ತಾಗೋದು? ಮುಳ್ಳು ಸರಿ ಮಾಡ್ಸಿದ್ದು ಭಾಳ ಒಳ್ಳೇದಾಯ್ತು."

ಇಂದುಧರ ಫೋನು ಇಳಿಸಿ ಹೆಂಡತಿಯನ್ನು ನೋಡಿದ. "ನಿಂಗೆ ಗೊತ್ತಿತ್ತಾ?"

"ಎರಡು ಕ್ಯಾನ್ ಗೊತ್ತಿತ್ತು. ಹೇಳಾಕೆ ಎಷ್ಟು ಸಲ ಬಾಯಿ ತೆಗೆದೆ ಅಂತ ಅಂಪೈರ್‌ನ ಕೇಳಿ."

"ಮೂರು ಸಲ," ಎಂದಳು ಸ್ವಾತಿ.

ಇಂದುಧರನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಪಂದ್ಯ ಸೋತದ್ದಕ್ಕಿಂತ ಹೆಚ್ಚಾಗಿ, ಆ ಅಚ್ಚುಕಟ್ಟಾದ ಬೆಸುಗೆಗೆ ಬೈದೆನಲ್ಲ ಅನ್ನುವುದು ಅವನನ್ನು ಚುಚ್ಚುತ್ತಿತ್ತು. ಕುಮಾರಸ್ವಾಮಿಯ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು," ಎಂದ. ಅವರು ತಲೆಯಾಡಿಸಿ, ಲಾರಿಯಲ್ಲಿದ್ದ ಖಾಲಿ ಕ್ಯಾನು ಕೇಳಿ ತೆಗೆದುಕೊಂಡು, ಜಾವಗಲ್ಲಿಗೆ ಸ್ಕೂಟರ್ ತಿರುಗಿಸಿದರು. ಡೀಸೆಲ್ ತಂದು ಹೊಯ್ದು, ಪೈಪಿನಲ್ಲಿ ಸೇರಿದ ಗಾಳಿಯನ್ನು ಪಂಪು ಒತ್ತಿ ಒತ್ತಿ ಹೊರಗೆ ತೆ‌ಗೆದರು. ದೊಡ್ಡಮೂಗು ಒಂದೇ ಕೂಗಿಗೆ ಎದ್ದಿತು. ಕೆಲಸ ಮುಗಿಸಿ ಅವರು ಬಾನೆಟ್ಟನ್ನು ಮೆಲ್ಲಗೆ ತಟ್ಟಿದ್ದನ್ನು ಇಂದುಧರ ಗಮನಿಸಿದ.

ಅವನು ಕೀಲಿಗೊಂಚಲನ್ನು ಹೆಂಡತಿಯ ಮುಂದೆ ಹಿಡಿದ. "ಸೋತೆ. ಶಿವಕುಮಾರ್‌ಗೆ ಫೋನ್ ಮಾಡು."

ಶಿವಗಂಗಮ್ಮ ಕೀಲಿ ತೆಗೆದುಕೊಂಡಳು. ಲಾರಿಯನ್ನು ಮೂಗಿನಿಂದ ಬಾಲದವರೆಗೆ ನೋಡಿದಳು. ಇವತ್ತು ಇದು ಮಠದ ಕೊಪ್ಪರಿಗೆಗಳನ್ನು ಒಂದು ನೆಗ್ಗಿಲ್ಲದಂತೆ ಮುಟ್ಟಿಸಿತ್ತು, ಮದುವೆ ಮನೆಯ ಒಲೆ ಉರಿಸಿತ್ತು, ದೀಪ ಹಚ್ಚಿತ್ತು, ನೀರು ತರಿಸಿತ್ತು.

"ಶಿವಕುಮಾರ್‌ಗೆ ಯಾಕೆ ಕೊಡ್ಲಿ?" ಎಂದಳು. "ಲಾರಿ ಏನು ತಪ್ಪು ಮಾಡೈತೆ? ಹಳೇಬೀಡಿನಿಂದ ಇಲ್ಲಿವರ್ಗೂ ಡೀಸೆಲ್ ಇಲ್ಲ, ಡೀಸೆಲ್ ಇಲ್ಲ ಅಂತ ಹೇಳ್ತಾನೇ ಬಂತು. ಇಂಥ ಸತ್ಯವಂತ ಗಾಡೀನ ನಾನು ಯಾರಿಗೂ ಕೊಡಲ್ಲ. ಲಾರಿ ಮನೇಲೇ ಇರ್ತೈತೆ."

ಇಂದುಧರನ ಕಣ್ಣಲ್ಲಿ ನೀರು ಬಂತು. "ಗಂಗಾ..." ಎಂದ. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವನು ಹಾಗೆ ಕರೆದದ್ದೇ ಇಲ್ಲ.

"ಕೆಟ್ಟಿದ್ದು ಡ್ರೈವರ್ರು. ಅದನ್ನ ಬದಲಾಯಿಸ್ತೀನಿ," ಎಂದವಳೇ ಕೀಲಿಯನ್ನು ಸ್ವಾತಿಯ ಕೈಗೆ ಹಾಕಿದಳು. "ನಡಿಯಮ್ಮ, ಇವತ್ತಿಂದ ನೀನೇ."

ಸ್ವಾತಿ ಎರಡನೇ ಮಾತಿಗೆ ಕಾಯದೆ ಬಲಗಡೆಯಿಂದ ಹತ್ತಿದಳು. ಇಂದುಧರ ಎಡಗಡೆಯ ಕಿಟಕಿಗೆ ಕೂತ. ಮೂವತ್ತು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಲಾರಿ ನಯವಾಗಿ ಹೊರಟಿತು. ಮಗಳು ಚೆನ್ನಾಗಿಯೇ ಓಡಿಸುತ್ತಿದ್ದಳು, ಅವನಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು ಅಂತ ಒಳಗೊಳಗೇ ಅವನಿಗೆ ಹೆಮ್ಮೆಯೂ ಆಯಿತು. ಆದರೆ ಎಷ್ಟು ಕತ್ತು ಚಾಚಿದರೂ ಮುಳ್ಳು ಕಾಣದು. ನಡುವೆ ಶಿವಗಂಗಮ್ಮ, ಅವಳಾಚೆ ಸ್ಟೇರಿಂಗಿನ ದಪ್ಪ ಚಕ್ರ.

"ಈಗ ಎಲ್ಲೈತಮ್ಮ ಮುಳ್ಳು?" ಎಂದ, ಹತ್ತು ನಿಮಿಷದಲ್ಲಿ ನಾಲ್ಕನೇ ಸಲ.

"ಡ್ರೈವರ್ ಜೊತೆ ಮಾತಾಡ್ಬೇಡಿ ಅಪ್ಪಾ."

"ಏನ್ರೀ ಅವಸರ? ಮನೆ ಮುಟ್ಟಿದ ಮೇಲೆ ಈ ಕಡೆ ಬಂದು ಕಣ್ತುಂಬ ನೋಡ್ಕಳಿ," ಎಂದಳು ಶಿವಗಂಗಮ್ಮ.

ದೀಪ ಹಚ್ಚುವ ಹೊತ್ತಿಗೆ ಲಾರಿ ಮನೆ ಬಾಗಿಲಲ್ಲಿ ನಿಂತಿತು. ಇಂದುಧರ ಎಡಗಡೆಯಿಂದ ಧುಮುಕಿ, ಪಂಚೆ ಎತ್ತಿ ಹಿಡಿದು, ಮೂಗಿನ ಮುಂದಿನಿಂದ ಸುತ್ತಿಕೊಂಡು ಓಡಿ ಬಲಗಡೆಯ ಬಾಗಿಲು ತೆರೆದ. ಅಷ್ಟರಲ್ಲಿ ಸ್ವಾತಿ ಇಂಜಿನ್ ನಿಲ್ಲಿಸಿ, ಕೀಲಿ ಕಿತ್ತು, ಅಮ್ಮನ ಹಿಂದೆ ಮನೆಯೊಳಕ್ಕೆ ಹೋಗಿ ಆಗಿತ್ತು. ಕೀಲಿ ತೆಗೆದ ಮೇಲೆ ಯಾವ ಲಾರಿಯ ಮುಳ್ಳಾದರೂ ಮಲಗಲೇಬೇಕು. ಹಳದಿಗಟ್ಟಿದ ಗಾಜಿನೊಳಗೆ ಅದು ಖಾಲಿ ಗೆರೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಪಕ್ಕದ ಅಂಗಡಿಯಿಂದ ಚಿಕ್ಕಣ್ಣ ಅಂಗಿ ತೋಳು ಮಡಚಿಕೊಳ್ಳುತ್ತಾ ಬಂದು ಕ್ಯಾಬಿನ್ನಿನೊಳಗೆ ಇಣುಕಿದ.

"ಇನ್ನೂ ಸರಿ ಹೋಗಿಲ್ವೇನ್ಲಾ?" ಎಂದ. "ಸರ್ಕೋ, ಇನ್ನೊಂದು ಬಿಡ್ತೀನಿ."